ರಟ್ಟಿನ ಮೇಲಿನ ಏಳು ಸಾಲು

ಸುಟ್ಟ ಬಿದಿರಿನ ಮೇಲೆ ಹುಳಿನೀರು ಚೆಲ್ಲಿದರೆ ಎಂಥ ವಾಸನೆ ಬರಬಹುದು ಎಂದು ನಿಮ್ಮನ್ನು ಯಾರೂ ಕೇಳಿರಲಾರರು. ನನ್ನನ್ನು ಕೇಳಿದರೆ ನಿದ್ದೆಯಲ್ಲಿದ್ದರೂ ಹೇಳಬಲ್ಲೆ. ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಆಫೀಸಿನ ನನ್ನ ಜಾಗಕ್ಕೆ ಬರುವಷ್ಟರಲ್ಲಿ ಆ ವಾಸನೆ ಅಲ್ಲಿ ಕಾದು ಕೂತಿತ್ತು. ಪಕ್ಕದ ಮೇಜಿನ ಷಣ್ಮುಗಂ ಕೊರಿಯರಿನಲ್ಲಿ ಬಂದ ಪೊಟ್ಟಣವೊಂದನ್ನು ಬಿಚ್ಚಿ, ಬಿಳಿಯ ಪುಟ್ಟ ಚೀಲಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದ.

"ಅಮ್ಮನಿಗೆ ಸಾರ್," ಎಂದ ತಮಿಳಿನಲ್ಲಿ. "ಕಾಲು ಊದಿಕೊಂಡಿದೆ. ಇದನ್ನು ಅಂಗಾಲಿಗೆ ಅಂಟಿಸಿ ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಒಳಗಿನ ವಿಷವನ್ನೆಲ್ಲ ಎಳೆದು ಕಪ್ಪಗಾಗುತ್ತದಂತೆ."

ನಾನು "ಓಹೋ" ಎಂದೆ. ಬದುಕಿನಲ್ಲಿ ಬಾಯಿ ಬಿಡಬೇಕಾದ ಹೊತ್ತಿನಲ್ಲೆಲ್ಲ ನಾನು ಹೇಳಿರುವುದು ಇದೊಂದೇ ಮಾತು. ಕೂತು ಡ್ರಾಯಿಂಗ್ ತೆರೆದೆ. ನಮ್ಮದು ಪಂಪ್ ತಯಾರಿಸುವ ಕಂಪನಿ. ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿ ತಡೆಯುತ್ತದೆ, ಎಷ್ಟು ಒತ್ತಡ ಕೊಟ್ಟರೆ ಮೇಲೇರುತ್ತದೆ ಎಂದು ಗೀಟು ಎಳೆದು ತೋರಿಸುವುದು ನನ್ನ ಹೊಟ್ಟೆಪಾಡು. ಆ ಮಧ್ಯಾಹ್ನ ಒಂದು ಗೀಟೂ ನೆಟ್ಟಗೆ ಬರಲಿಲ್ಲ. ಸೌಡಮ್ಮ ದೊಡ್ಡಮ್ಮನ ಕಾಲುಗಳೇ ಕಣ್ಣೆದುರು ಬಂದು ನಿಂತವು.

ದೊಡ್ಡಮ್ಮ ಎಂದರೆ ನನಗೆ ರಕ್ತಸಂಬಂಧವೇನಲ್ಲ. ತಿಪಟೂರಿನಿಂದ ಕೆಲಸ ಹುಡುಕಿಕೊಂಡು ಕೊಯಮತ್ತೂರಿನ ಕಡೆ ಬಂದ ಹೊಸತರಲ್ಲಿ ಪೆರಿಯನಾಯಕನಪಾಳ್ಯದ ಒಂದು ಬೀದಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಗೋಳಾಡುತ್ತಿದ್ದೆ. ಊಟ ಸೇರುವುದಿಲ್ಲ, ಮನೆ ಸಿಕ್ಕಿಲ್ಲ, ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಇತ್ಯಾದಿ. ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಹೆಂಗಸೊಬ್ಬರು ಫೋನು ಇಡುವವರೆಗೂ ಕಾದು, "ನೀ ನಮ್ಮವನಾ ಕಣ್ಣು?" ಎಂದು ಕೇಳಿದರು. ಕನ್ನಡವೇ. ಆದರೆ ತಮಿಳಿನ ರಾಗದಲ್ಲಿ ಎಳೆದ, ಮಗನೇ ಎನ್ನಲು ಕಣ್ಣು ಎನ್ನುವ ಕನ್ನಡ. ನನಗೆ ಅಳು ಬರುವುದೊಂದು ಬಾಕಿ. ಅವರ ಮನೆಯ ಮಹಡಿ ಖಾಲಿ ಇತ್ತು. ಅಂದು ಸಂಜೆಯೇ ನನ್ನ ಟ್ರಂಕು ಮೇಲೇರಿತು.

ಅವರ ಹಿರಿಯರು ಯಾವ ಕಾಲದಲ್ಲೋ ಮಗ್ಗ ಹೊತ್ತು ಇತ್ತ ಬಂದ ನೇಕಾರರು. ಯಾವ ಊರಿಂದ ಬಂದರು ಎಂದು ಕೇಳಿದರೆ ಬಡಗಣ ದಿಕ್ಕಿಗೆ ಕೈ ತೋರಿಸುತ್ತಿದ್ದರು, ಅಷ್ಟೆ. ಕನ್ನಡ ಮನೆಯೊಳಗಿನ ಮಾತು. ಹೊಸ್ತಿಲು ದಾಟಿದರೆ ತಮಿಳು. ಅಕ್ಷರವೂ ತಮಿಳೇ. ಮೊದಲ ವಾರ ನಾನು "ಆಂಟಿ" ಎಂದು ಕರೆದೆ. "ಆಂಟಿ ಅಂದ್ರೆ ಯಾರೋ ಬ್ಯಾಂಕಲ್ಲಿ ಇರೋಳ್ನ ಕರೆದಂಗೆ ಇರ್ತದೆ. ದೊಡ್ಡಮ್ಮ ಅನ್ನು," ಎಂದು ತಿದ್ದಿದರು. ನನ್ನ ಕನ್ನಡ ಅವರಿಗೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಕೇಳುತ್ತಿತ್ತಂತೆ. ನೆಂಟರು ಬಂದಾಗ ನನ್ನನ್ನು ಮಹಡಿಯಿಂದ ಇಳಿಸಿ, "ಎಲ್ಲಿ, ಸ್ವಲ್ಪ ಮಾತಾಡು" ಎನ್ನುತ್ತಿದ್ದರು. ನಾನೂ ಗಂಟಲು ಸರಿಮಾಡಿಕೊಂಡು ಹವಾಮಾನದ ಬಗ್ಗೆ ನಾಲ್ಕು ಮಾತು ಒಪ್ಪಿಸಿ, ಒಂದು ಲೋಟ ಕಾಫಿ ಸಂಪಾದಿಸಿ ಮೇಲೆ ಹೋಗುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮ ಮಗ್ಗ ಬಿಟ್ಟು ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಒಂದು ಪಟ್ಟರೆಯಲ್ಲಿ, ಅಂದರೆ ಚಿಕ್ಕ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿದ್ದರು. ಮೂವತ್ತು ವರ್ಷ ಒದ್ದೆ ನೆಲದ ಮೇಲೆ ನಿಂತ ಕೆಲಸ. ಅವರ ಕಣ್ಣಿಗೆ ಅಲ್ಲಿ ದೊಡ್ಡ ಮರ್ಯಾದೆ. ಬಣ್ಣದ ತೊಟ್ಟಿಯಿಂದ ತೆಗೆದ ಬಟ್ಟೆಯನ್ನು ನೀರಿನಲ್ಲಿ ಜಾಲಿಸಿ, ಅದರ ಮೇಲೆ ಒಂದು ಬಿಳಿ ಅರಿವೆ ಒತ್ತುವುದು, ಅರಿವೆಗೆ ಬಣ್ಣ ಹತ್ತಿದರೆ ಮತ್ತೆ ಜಾಲಿಸುವುದು, ಮತ್ತೆ ಒತ್ತುವುದು. ಪ್ರತಿ ಸಲದ ಅರಿವೆಯ ತುಣುಕನ್ನೂ ಒಣಗಿಸಿ ರಟ್ಟಿನ ಮೇಲೆ ಸಾಲಾಗಿ ಅಂಟಿಸಬೇಕು. ಕಲೆ ತೆಳುವಾಗುತ್ತ ತೆಳುವಾಗುತ್ತ ಕೊನೆಗೆ ಅರಿವೆ ಬಿಳಿಯಾಗಿಯೇ ಉಳಿಯಿತೆಂದರೆ ಹೆಚ್ಚುವರಿ ಬಣ್ಣವೆಲ್ಲ ಹೋಯಿತು, ಬಟ್ಟೆ ಪಾಸು. ಆಮೇಲೆ ಆ ರಟ್ಟನ್ನು ಎರಡು ಭಾಗ ಮಾಡಿ ಒಂದನ್ನು ಬಟ್ಟೆ ಕೊಟ್ಟವರಿಗೆ ಕಳಿಸಿ, ಇನ್ನೊಂದನ್ನು ತಮ್ಮಲ್ಲಿಟ್ಟುಕೊಳ್ಳುವುದು. ಮುಂದೆ ಬಣ್ಣ ಬಿಟ್ಟಿತೆಂದು ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಬಹುದು. ಯಾರೂ ಮಾತು ತಪ್ಪುವ ಹಾಗಿಲ್ಲ.

ಕೆಲಸ ಬಿಟ್ಟ ಮೇಲೂ ಆ ಚಾಳಿ ಅವರನ್ನು ಬಿಟ್ಟಿರಲಿಲ್ಲ. ನಾನು ಹೊಸ ಅಂಗಿ ತಂದರೆ ಮೆಟ್ಟಿಲ ಬುಡದಲ್ಲೇ ಅಡ್ಡಗಟ್ಟಿ, ಒದ್ದೆ ಕರವಸ್ತ್ರದಿಂದ ತೋಳು ಉಜ್ಜಿ, "ಇದು ಎರಡೇ ತೊಳೆತಕ್ಕೆ ಬಣ್ಣ ಅಳ್ತದೆ" ಎಂದು ಭವಿಷ್ಯ ನುಡಿಯುತ್ತಿದ್ದರು. ಒಮ್ಮೆಯೂ ಸುಳ್ಳಾಗಲಿಲ್ಲ. ಮನುಷ್ಯರನ್ನು ಮಾತ್ರ ಅವರು ಒರೆಸಿ ನೋಡುತ್ತಿರಲಿಲ್ಲ. ಹಾಗೆ ನೋಡಿದ್ದರೆ ನನ್ನನ್ನು ಮಹಡಿಗೆ ಸೇರಿಸುತ್ತಿರಲಿಲ್ಲವೇನೋ.

ಕಾಲು ಊದಿಕೊಳ್ಳಲು ಶುರುವಾದದ್ದು ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಸುತ್ತಿನ, ಮಳೆಯ ದಿನಗಳಲ್ಲಿ. ಮೊದಲು ಸಂಜೆ ಮಾತ್ರ. ಆಮೇಲೆ ಬೆಳಿಗ್ಗೆಯೂ. ಚಪ್ಪಲಿಯ ಪಟ್ಟಿ ಬಿಗಿಯಾಗುತ್ತದೆಂದು ಅದನ್ನು ಬ್ಲೇಡಿನಿಂದ ಕತ್ತರಿಸಿ ಸಡಿಲ ಮಾಡಿಕೊಂಡಿದ್ದರು. "ಇಲ್ಲಿ ನೋಡು ಕಣ್ಣು, ಬೆರಳಿಟ್ರೆ ಪಳ್ಳ ಬೀಳ್ತದೆ," ಎಂದು ಒಂದು ಸಂಜೆ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದರು. ಹಿಟ್ಟಿನ ಮುದ್ದೆಯಲ್ಲಿ ಬಿದ್ದ ಹಾಗೆ ಗುಳಿ ಬಿದ್ದು ಬಹಳ ಹೊತ್ತು ಹಾಗೇ ಉಳಿಯಿತು. ಆಸ್ಪತ್ರೆಗೆ ಹೋಗೋಣ ಎಂದೆ. ಅವರು ತಲೆ ಕೊಡವಿದರು.

"ಆಸ್ಪತ್ರಿಗೆ ಹೋದ್ರೆ ಏನ್ ಹೇಳ್ತಾರೆ? ನಡೀಬೇಡ ಅಂತಾರೆ. ತೈ ತಿಂಗಳು ಬಂತು ಅಂದ್ರೆ ನಾ ಪಳನಿಗೆ ನಡೀಬೇಕು. ಪೂಸಂ ಆಗ್ಲಿ, ಆಮೇಲೆ ನೋಡಾಣ."

ಸಂಕ್ರಾಂತಿ ಕಳೆದು ಬರುವ ತೈ ಹುಣ್ಣಿಮೆಯ ತೈಪೂಸಕ್ಕೆ ಪಳನಿ ಬೆಟ್ಟದ ಗುಡಿಗೆ ಕಾಲ್ನಡಿಗೆಯಲ್ಲಿ ಹೋಗುವುದು ಈ ಸೀಮೆಯಲ್ಲಿ ಮನೆಮನೆಯ ಹರಕೆ. ದೊಡ್ಡಮ್ಮ ಮದುವೆಯಾದ ವರ್ಷದಿಂದ ಒಂದು ಸಲವೂ ತಪ್ಪಿಸಿದವರಲ್ಲ. ಬೀದಿಯ ಹೆಂಗಸರೆಲ್ಲ ಒಟ್ಟಾಗಿ ಹೊರಡುತ್ತಿದ್ದರು, ಮುಂದೆ ಇವರು. ಗಂಡ ಸತ್ತ ವರ್ಷವೂ ನಡೆದಿದ್ದರು. ಆ ವರ್ಷ ದಾರಿಯುದ್ದಕ್ಕೂ ಅತ್ತುಕೊಂಡು ಹೋಗಿದ್ದರಿಂದಲೇ ತಾನು ಮನೆಗೆ ಮನುಷ್ಯಳಾಗಿ ವಾಪಸು ಬಂದೆ ಎನ್ನುತ್ತಿದ್ದರು. ಆ ನಡಿಗೆ ಅವರಿಗೆ ಏನಾಗಿತ್ತು ಎಂದು ನನಗೆ ಗೊತ್ತಿತ್ತು. ಆದ್ದರಿಂದ ಆಸ್ಪತ್ರೆಯ ಮಾತು ಬಿಟ್ಟು, ಫೋನಿನಲ್ಲಿ ಹುಡುಕಿ, ಈ ಅಂಟುಪಟ್ಟಿಗಳನ್ನು ತರಿಸಿಕೊಟ್ಟೆ. ಉಪಕಾರ ಮಾಡಿದ ಠೀವಿಯಲ್ಲಿ ಮೂರು ಮೆಟ್ಟಿಲು ಒಟ್ಟಿಗೆ ಹತ್ತಿದ್ದು ನೆನಪಿದೆ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಕೂಗು ಬಂತು. ಹೋಗಿ ನೋಡಿದರೆ ಅಂಗಾಲಿನಿಂದ ಕಿತ್ತ ಎರಡು ಪಟ್ಟಿಗಳನ್ನು ಬಾಳೆಎಲೆಯ ಮೇಲಿಟ್ಟುಕೊಂಡು ದೊಡ್ಡಮ್ಮ ಬೆರಗಾಗಿ ಕೂತಿದ್ದರು. ಬಿಳಿಯ ಚೀಲಗಳು ಕಡುಕಂದಾಗಿ, ಅಂಟಂಟಾಗಿ, ನೋಡಲಾರದ ಹಾಗಿದ್ದವು. "ಇಷ್ಟು ಅಳುಕ್ಕು ನನ್ನೊಳಗೆ ಇತ್ತಾ?" ಎಂದರು. ಕೊಳೆ ಎನ್ನುವುದಕ್ಕೆ ಅವರ ಮಾತು ಅದು. ಹಾಗೆ ಹೇಳಿದವರೇ ಎದ್ದು, ಹಳೆಯ ಬಿಳಿ ಪಂಚೆಯ ಚೂರೊಂದನ್ನು ತಂದು ಪಟ್ಟಿಯ ಮೇಲೆ ಒತ್ತಿ, ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತು ವರ್ಷದ ಕೈ ತನ್ನ ಕೆಲಸ ತಾನೇ ಶುರುಮಾಡಿತ್ತು.

ದಿನದ ಹಾಳೆ ಹರಿಯುವ ಕ್ಯಾಲೆಂಡರುಗಳ ಹಿಂದೆ ಗಟ್ಟಿ ರಟ್ಟು ಇರುತ್ತದಲ್ಲ, ಅಂಥವು ಮೂರು ಮನೆಯಲ್ಲಿದ್ದವು. ಎರಡರ ಮೇಲೆ ದೇವರಿದ್ದ. "ಸಾಮಿ ಪಟದ ಹಿಂದೆ ಕಾಲಿನ ಅಳುಕ್ಕು ಅಂಟಿಸ್ತಾರಾ?" ಎಂದು ಗುಲಾಬಿ ಹೂವಿನ ಚಿತ್ರವಿದ್ದ ಮೂರನೆಯದನ್ನು ಆರಿಸಿ, ಅದರ ಬೆನ್ನಿಗೆ ಕಲೆಯ ಮೊದಲ ಚೂರು ಅಂಟಿಸಿ, ಕೆಳಗೆ ತಮಿಳಿನಲ್ಲಿ ತಾರೀಕು ಬರೆದರು. ಎರಡು ದಿನಕ್ಕೊಂದು ಜೊತೆ ಪಟ್ಟಿ. ಎರಡು ದಿನಕ್ಕೊಂದು ಚೂರು ಅರಿವೆ. ಸಾಲಿಗೆ ಐದು. ಕೆಲಸಕ್ಕೆ ಹೋಗುವ ಮುಂಚೆ ನಾನು ಇಳಿದು ಬಂದು ಆ ರಟ್ಟು ನೋಡಿ ತಲೆಯಾಡಿಸುವುದು, ಅವರು ಕಾಫಿ ಕೊಡುವುದು ರೂಢಿಯಾಯಿತು. ನೆಂಟರು ಬಂದರೆ ನನ್ನ ಹವಾಮಾನದ ಭಾಷಣ ಹಿಂದೆ ಸರಿದು ರಟ್ಟು ಮುಂದೆ ಬಂತು. "ಇವ್ನು ತಂದ ಮದ್ದು," ಎಂದು ನನ್ನ ಭುಜ ತಟ್ಟುತ್ತಿದ್ದರು.

ಮೊದಲ ಸಾಲು ತುಂಬಿದ ದಿನದ ಸಂಗತಿ ಇದು. ಎರಡನೆಯ ಪೆಟ್ಟಿಗೆ ಬಂದಿತ್ತು. ಒಂದು ಪಟ್ಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಿದ್ದೆ. ಬಿಸಿ ಟೀ ಲೋಟವನ್ನು ನೋಡದೆ ಅದರ ಮೇಲೇ ಇಟ್ಟು ಸ್ನಾನಕ್ಕೆ ಹೋದೆ. ಲೋಟದಿಂದ ಒಂದಿಷ್ಟು ತುಳುಕಿತ್ತು. ಬಂದು ನೋಡಿದರೆ ಪಟ್ಟಿ ಕಡುಕಂದಾಗಿ, ಅಂಟಂಟಾಗಿ, ನೋಡಲಾರದ ಹಾಗೆ ಆಗಿತ್ತು. ಟೀ ಬಣ್ಣವಿರಬೇಕು ಎಂದು ಇನ್ನೊಂದನ್ನು ತೆಗೆದು ನಲ್ಲಿಯ ನೀರು ಹನಿಸಿದೆ. ಅದೂ ಅಷ್ಟೇ ಕಪ್ಪು. ನನ್ನ ಮೇಜಿಗೂ ಊತ ಬಂದಿರಲಿಲ್ಲ, ನಲ್ಲಿಗೂ ಬಂದಿರಲಿಲ್ಲ. ಆ ಪುಡಿಗೆ ಒದ್ದೆ ತಾಗಿದರೆ ಸಾಕು, ಕಪ್ಪಾಗುತ್ತದೆ. ಅಂಗಾಲಿನ ಬೆವರೇ ಸಾಕು. ವಿಷವೂ ಇಲ್ಲ, ಮಣ್ಣೂ ಇಲ್ಲ.

ಹೇಳಿಬಿಡಬೇಕು ಎಂದೇ ಮೆಟ್ಟಿಲಿಳಿದೆ. ಇದು ಸುಳ್ಳಲ್ಲ, ನಂಬಿ. ದೊಡ್ಡಮ್ಮ ರಟ್ಟನ್ನು ಮಡಿಲಲ್ಲಿಟ್ಟುಕೊಂಡು, ಐದನೆಯ ಚೂರಿನ ಅಂಚು ಒತ್ತುತ್ತಿದ್ದರು. ತಲೆಯೆತ್ತಿ, "ಬಾ ಕಣ್ಣು. ನೀ ಬರದೆ ಇದ್ದಿದ್ರೆ ಈ ವರ್ಷ ನಾ ಬಾಗ್ಲಲ್ಲಿ ಕೂತು ನಡೆಯೋರ್ನ ನೋಡ್ಬೇಕಿತ್ತು. ನಿನ್ ಮದ್ದೇ ನನ್ನ ಪಳನಿಗೆ ನಡೆಸ್ತದೆ," ಎಂದರು.

ನಾನು "ಓಹೋ" ಎಂದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕೇಳಲು ಚೆನ್ನಾಗಿದೆ. ನಿಜ ಬೇರೆ. ಪರಊರಿನಲ್ಲಿ ಯಾರಿಗೂ ಬೇಡವಾಗಿದ್ದ ನನಗೆ ಆ ರಟ್ಟಿನಿಂದ ಒಂದು ಮನೆಯಲ್ಲಿ ದೊಡ್ಡ ಸ್ಥಾನ ಸಿಕ್ಕಿತ್ತು. ನಾನು ತಂದದ್ದು ಬೂದಿ ಪುಡಿ ಎಂದು ಹೇಳಿ ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮದ್ದಲ್ಲದಿದ್ದರೂ ಹಾನಿಯಂತೂ ಇಲ್ಲವಲ್ಲ ಎಂದುಕೊಂಡೆ. ಆಮೇಲೆ ಮೂರನೆಯ ಪೆಟ್ಟಿಗೆ ತರಿಸಿದೆ, ನಾಲ್ಕನೆಯದನ್ನೂ ತರಿಸಿದೆ.

ಮಳೆ ನಿಂತಿತು. ಡಿಸೆಂಬರ್ ಹೊತ್ತಿನ ಮಾರ್ಗಳಿಯ ಒಣ ಚಳಿ ಬಂತು. ಕಾಲು ಬೆವರುವುದು ಕಡಿಮೆಯಾಯಿತು. ಪಟ್ಟಿಗಳ ಕಪ್ಪು ಇಳಿಯಿತು. ರಟ್ಟಿನ ಮೇಲೆ ಕಡುಕಂದು ಕಾಫಿಯಾಯಿತು, ಕಾಫಿ ಗೋಧಿಯ ಬಣ್ಣವಾಯಿತು, ಏಳನೆಯ ಸಾಲಿನ ಹೊತ್ತಿಗೆ ಅರಿವೆ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ಬೇರೆ ಯಾರೇ ಆಗಿದ್ದರೂ ಕಾಲು ನೋಡಿಕೊಳ್ಳುತ್ತಿದ್ದರು. ದೊಡ್ಡಮ್ಮ ಅರಿವೆ ನೋಡಿದರು. ಅವರ ಕಣ್ಣು ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಬಿಳಿ ಅರಿವೆ ಬಿಳಿಯಾಗಿ ಉಳಿದರೆ ಒಳಗಿನದೆಲ್ಲ ಹೋಯಿತೆಂದೇ ಅರ್ಥ. ಊತ ಮೊಣಕಾಲಿಗೆ ಏರಿತ್ತು. ಮುಖವೂ ಬೆಳಿಗ್ಗೆ ಹೊತ್ತು ಉಬ್ಬಿರುತ್ತಿತ್ತು. ನಾನು ಅದನ್ನು ಹೇಳಿದರೆ, "ಬಣ್ಣ ಹೋದ್ಮೇಲೆ ಬಟ್ಟೆ ಒಣಗ್ಬೇಡ್ವಾ? ಅದಕ್ಕೆ ಟೈಮ್ ಹಿಡೀತದೆ," ಎಂದು ನನಗೇ ಪಾಠ ಹೇಳಿದರು.

ಅವರ ಮಗಳು ಮಲ್ಲಿಗಾ ಧಾರಾಪುರಂನಲ್ಲಿದ್ದಾಳೆ. ಅದೇ ವಾರ ನನಗೆ ಫೋನು ಮಾಡಿದಳು. "ಅಣ್ಣಾ, ಅಮ್ಮನ್ ಗಂಟ್ಲು ಕೇಳಿದ್ರೆ ಮೂಚು ವಾಂಗ್ತದೆ ಅನ್ಸತ್ತೆ. ನಾ ಹೇಳಿದ್ರೆ ಕೇಳಲ್ಲ. ನೀವ್ ಹೇಳಿದ್ರೆ ಕೇಳ್ತಾಳೆ. ಒಂದ್ ಸಲ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ರಣ್ಣಾ." ಉಸಿರು ಕಟ್ಟುತ್ತಿದೆ ಎಂದು ಅವಳು ಹೇಳುತ್ತಿದ್ದಳು. ಆಗಲಿ ಎಂದೆ. ಕೆಳಗೆ ಹೋಗಿ ಅರೆಮನಸ್ಸಿನಿಂದ ಹೇಳಿಯೂ ಹೇಳಿದೆ. ದೊಡ್ಡಮ್ಮ ಏಳನೆಯ ಸಾಲನ್ನು ತೋರಿಸಿದರು. ಆ ರಟ್ಟಿನ ಎದುರು ನಿಲ್ಲುವ ಮಾತು ನನ್ನ ಹತ್ತಿರ ಒಂದೇ ಒಂದಿತ್ತು. ಅದನ್ನು ಆಡಲಿಲ್ಲ.

ಹಸಿರು ಸೀರೆ ಉಟ್ಟು, ಕೈಚೀಲ ಹೆಗಲಿಗೆ ಹಾಕಿಕೊಂಡು, ಬೀದಿಯ ಹೆಂಗಸರ ಮುಂದೆ ನಿಂತು ಅವರು ಹೊರಟ ಬೆಳಿಗ್ಗೆ ನಾನು ಬೀದಿಯ ಕೊನೆಯವರೆಗೂ ಜೊತೆಗೆ ಹೋದೆ. ಸಡಿಲ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿದ್ದರು. ಪಾದಗಳು ಅವರವಲ್ಲವೇನೋ ಅನ್ನುವ ಹಾಗಿದ್ದವು. ಮರುದಿನ ಮಧ್ಯಾಹ್ನ, ಪೊಳ್ಳಾಚಿ ಇನ್ನೂ ಬರುವ ಮುಂಚೆ, ರಸ್ತೆ ಪಕ್ಕದ ಹುಣಿಸೆ ಮರದ ಬುಡದಲ್ಲಿ ಕೂತವರು ಏಳಲಿಲ್ಲ. ಉಸಿರು ಸಿಗುತ್ತಿರಲಿಲ್ಲ. ಜೊತೆಯವರು ಆಂಬುಲೆನ್ಸ್ ಕರೆಸಿ ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಆಫೀಸಿನಿಂದ ಓಡಿದೆ.

ಊತ ಯಾವಾಗಿನಿಂದ ಎಂದು ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೇಳಿದರು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದ ದೊಡ್ಡಮ್ಮ ಮಾತಾಡಲಾಗದೆ ಕೈಚೀಲದ ಕಡೆ ಬೆರಳು ಮಾಡಿದರು. ನಾನು ಚೀಲ ತೆರೆದೆ. ರಟ್ಟನ್ನು ಜೊತೆಗೇ ಒಯ್ದಿದ್ದರು. ಡಾಕ್ಟರು ಅದನ್ನು ತೆಗೆದುಕೊಂಡು, ಬೇರೆ ಆಸ್ಪತ್ರೆಯ ರಿಪೋರ್ಟಿರಬೇಕೆಂದು ತಿರುಗಿಸಿದರು. ಗುಲಾಬಿ ಹೂವು ಕಂಡಿತು. ಮತ್ತೆ ತಿರುಗಿಸಿದರು. "ಇದೇನು?" ಎಂದು ನನ್ನನ್ನು ಕೇಳಿದರು. ದೊಡ್ಡಮ್ಮ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು, ವಿವರಿಸಿ ಹೇಳು ಎನ್ನುವ ಹಾಗೆ. ಮನೆಯ ಮದ್ದು ಮಾಡಿದ ಲೆಕ್ಕ ಎಂದೆ. ಕಿಡ್ನಿ ಎರಡೂ ಸೋತಿವೆ, ಮಳೆಗಾಲದಲ್ಲೇ ಬಂದಿದ್ದರೆ ಮಾತ್ರೆಯಲ್ಲಿ ಇನ್ನೂ ಕೆಲವು ವರ್ಷ ಕಾಪಾಡಿಕೊಳ್ಳಬಹುದಿತ್ತು ಎಂದು ಡಾಕ್ಟರು ಹೊರಗೆ ಬಂದ ಮೇಲೆ ಹೇಳಿದರು. ಮಳೆಗಾಲ ಎಂದಾಗ ನನ್ನ ಮೇಜು, ಟೀ ಲೋಟ, ಅದರಡಿಯ ಕಪ್ಪು ಪಟ್ಟಿ ಮೂರೂ ಕಂಡವು.

ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾದ ಮೇಲೆ ಮಲ್ಲಿಗಾ ಅಮ್ಮನನ್ನು ಧಾರಾಪುರಂಗೆ ಕರೆದುಕೊಂಡು ಹೋದಳು. ನಾನು ಮನೆ ಬದಲಿಸಿ ಉಕ್ಕಡಂ ಕಡೆಗೆ ಬಂದೆ. ಆಫೀಸಿಗೆ ಇನ್ನೂ ದೂರ. ಯಾಕೆ ಎಂದು ಯಾರಾದರೂ ಕೇಳಿದರೆ ಕೆರೆಯ ಗಾಳಿ ಚೆನ್ನಾಗಿದೆ ಎನ್ನುತ್ತೇನೆ. ಮೀನು ಮಾರುಕಟ್ಟೆಯ ಪಕ್ಕ ನಿಂತು ಗಾಳಿ ಚೆನ್ನಾಗಿದೆ ಎನ್ನುವವನನ್ನು ಜನ ಹೆಚ್ಚು ಕೆದಕುವುದಿಲ್ಲ.

ಒಂದು ವರ್ಷ ಮುಖ ತೋರಿಸಲಿಲ್ಲ. ಮುಂದಿನ ತೈ ಬಂದಾಗ ತಡೆಯಲಾಗದೆ ಬಸ್ಸು ಹತ್ತಿದೆ. ಮಲ್ಲಿಗಾಳ ಮನೆ ಪಳನಿಗೆ ನಡೆಯುವವರ ದಾರಿಯಲ್ಲೇ ಇದೆ. ಬಾಗಿಲ ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ಮಜ್ಜಿಗೆಯ ದೊಡ್ಡ ಕೊಳಗ. ದೊಡ್ಡಮ್ಮ ಕೂತು, ನಡೆದು ಬಂದವರಿಗೆ ಲೋಟ ತುಂಬಿ ಕೊಡುತ್ತಿದ್ದರು. ಊತವೆಲ್ಲ ಇಳಿದು ಕಾಲುಗಳು ಕಡ್ಡಿಯಾಗಿದ್ದವು. ಅವರ ಪಾಲಿಗೆ ದಿನಕ್ಕೆ ಅಳತೆಯ ನೀರು. ಅದನ್ನು ಮಲ್ಲಿಗಾ ಪುಟ್ಟ ಬಾಟಲಿಯಲ್ಲಿ ಹಾಕಿ ಕುರ್ಚಿಯ ಕೆಳಗಿಟ್ಟಿದ್ದಳು. ಬಂದವರು ಗಟಗಟನೆ ಕುಡಿಯುವುದನ್ನು ಅವರು ಲೋಟ ಖಾಲಿಯಾಗುವವರೆಗೂ ನೋಡುತ್ತಿದ್ದರು.

"ಬಂದ್ಯಾ ಕಣ್ಣು? ಕೂತ್ಕೋ. ಮೋರು ಕುಡಿ," ಎಂದರು, ನಿನ್ನೆ ತಾನೇ ನೋಡಿದವರ ಹಾಗೆ.

ಲೋಟ ಹಿಡಿದುಕೊಂಡೇ ಹೇಳಿದೆ. "ದೊಡ್ಡಮ್ಮ, ಆ ಪಟ್ಟಿ ನೀರು ತಾಗಿದ್ರೂ ಕಪ್ಪಾಗ್ತಿತ್ತು. ಅದು ನಿಮ್ಮೊಳಗಿನದಲ್ಲ. ನನಗೆ ಆಗಲೇ ಗೊತ್ತಿತ್ತು. ನಾನು ಹೇಳಲಿಲ್ಲ."

ಅವರು ಕೊಳಗದ ಮೇಲಿನ ತಟ್ಟೆ ಮುಚ್ಚಿದರು. ಒಳಗಿದ್ದ ಮಗಳನ್ನು ಕೂಗಿ ರಟ್ಟನ್ನೂ ಕತ್ತರಿಯನ್ನೂ ತರಿಸಿದರು. ರಟ್ಟನ್ನು ತೊಡೆಯ ಮೇಲೆ ಹರಡಿಕೊಂಡು, ಬಿಳಿಯಾಗಿದ್ದ ಕೊನೆಯ ಚೂರಿನ ಮೇಲೆ ಬೆರಳಿಟ್ಟು, "ಇದಕ್ಕೂ ಮುಂಚೆಯಾ?" ಎಂದರು.

"ಮುಂಚೆ."

ಬೆರಳು ಒಂದು ಸಾಲು ಮೇಲೆ ಹೋಯಿತು. "ಇದು?"

"ಇನ್ನೂ ಮುಂಚೆ."

ಸಾಲು ಸಾಲಾಗಿ ಬೆರಳು ಮೇಲೇರಿತು. ಪ್ರತಿ ಸಾಲಿಗೂ ನಿಂತಿತು. ಪ್ರತಿ ಸಲವೂ ನಾನು ಅದೇ ಮಾತು ಹೇಳಿದೆ. ಮೊದಲ ಸಾಲಿನ ಐದನೆಯ ಚೂರಿಗೆ ಬಂದಾಗ, "ಹೂಂ, ಅಂದೇ," ಎಂದೆ. ಅವರು ಅದರ ಕೆಳಗಿನ ತಾರೀಕು ಓದಿದರು.

ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಮೊದಲ ಸಾಲಿನ ಕೆಳಗೆ ಕತ್ತರಿಯಿಟ್ಟು, ಒಂದಿಷ್ಟೂ ಸೊಟ್ಟಾಗದಂತೆ ರಟ್ಟನ್ನು ಎರಡು ಮಾಡಿದರು. ಐದು ಚೂರಿದ್ದ ರಟ್ಟಿನ ತುಂಡನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ಉಳಿದ ಆರು ಸಾಲನ್ನು ನನ್ನ ಕೈಗೆ ಕೊಟ್ಟು, "ಇಷ್ಟು ನಂದು. ಅದು ನಿಂದು. ಇಟ್ಕೋ," ಎಂದರು. ಆಮೇಲೆ ರಸ್ತೆಯ ಕಡೆ ತಿರುಗಿ, ಬರುತ್ತಿದ್ದ ಗುಂಪಿಗೆ ಲೋಟ ಜೋಡಿಸತೊಡಗಿದರು. ನಾನು ಎದ್ದು ನಿಂತಾಗ ತಲೆಯೆತ್ತದೆ, "ಮೋರು ಕುಡ್ದು ಹೋಗು. ಬಿಸಿಲು ಜಾಸ್ತಿ," ಎಂದರು. ಕುಡಿದೆ.

ಈಗಲೂ ಅಲ್ಲೇ ಇದ್ದಾರೆ. ಪೊಂಗಲ್ ಹಬ್ಬಕ್ಕೆ ಫೋನು ಮಾಡಿದರೆ ಮಾತಾಡುತ್ತಾರೆ, ಊಟವಾಯಿತಾ ಎಂದು ಕೇಳುತ್ತಾರೆ. ಹೊಸ ಅಂಗಿ ತೆಗೆದುಕೊಂಡೆಯಾ ಎಂದು ಮಾತ್ರ ಕೇಳುವುದಿಲ್ಲ.

ಮೊನ್ನೆ ಸಂಜೆ ಷಣ್ಮುಗಂ ಆ ಪೊಟ್ಟಣವನ್ನು ಬ್ಯಾಗಿಗೆ ಸೇರಿಸಿ ಮನೆಗೆ ಹೊರಡುವ ಹೊತ್ತಿಗೆ ನಾನು ಎದ್ದೆ. "ಒಂದು ಪಟ್ಟಿ ಕೊಡು," ಎಂದೆ. ಕುಡಿಯುವ ನೀರಿನ ಯಂತ್ರದ ಬಳಿ ಅವನನ್ನು ಕರೆದೊಯ್ದು, ಪಟ್ಟಿಯನ್ನು ಅವನ ಅಂಗೈಯ ಮೇಲಿಟ್ಟು, ನಾಲ್ಕು ಹನಿ ನೀರು ಬಿಟ್ಟೆ. ಇಬ್ಬರೂ ನೋಡುತ್ತ ನಿಂತೆವು. ಬಿಳಿ ಹಳದಿಯಾಯಿತು, ಹಳದಿ ಕಂದಾಯಿತು, ಕಂದು ಕಪ್ಪಾಯಿತು. ಅವನ ಮುಖ ಸಣ್ಣಗಾಯಿತು. ಅಮ್ಮನನ್ನು ಈ ಸಂಜೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ನಾನೂ ಬರುತ್ತೇನೆ, ನಾಳೆ ಎನ್ನಬೇಡ ಎಂದೆ. ನನ್ನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದು ಅವನಿಗೆ ಆಶ್ಚರ್ಯವಾಗಿರಬೇಕು.

"ನಿಮಗೆ ಹೇಗೆ ಗೊತ್ತು ಸಾರ್?"

ಮೇಜಿನ ಖಾನೆಯಿಂದ ರಟ್ಟು ತೆಗೆದು ಕೊಟ್ಟೆ. ಅವನು ಆರು ಸಾಲು ಕಲೆಗಳನ್ನೂ ಅವುಗಳ ಕೆಳಗಿನ ತಮಿಳು ತಾರೀಕುಗಳನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದ. ತಿರುಗಿಸಿದ. ತುದಿ ಕತ್ತರಿಸಿಹೋದ ಗುಲಾಬಿ.

"ಇದು ಯಾರದು ಸಾರ್?"

"ನಂದು," ಎಂದೆ.